ವಿಶ್ವೇಶ್ವರಯ್ಯನವರೂ ನೆರೆಯ ಮುನ್ನೆಚ್ಚರಿಕೆಯೂ

ಮಳೆಗಾಲದಲ್ಲಿ ಕಡೂರಿನ ಬಯಲಿನಲ್ಲಿ ನಿಂತು ಪಶ್ಚಿಮಕ್ಕೆ ದೃಷ್ಟಿ ಹಾಯಿಸಿದರೆ ಬಾಬಾಬುಡನ್ ಗಿರಿಯ ಶಿಖರಗಳನ್ನು ಮೋಡವು ಮುಸುಕಿರುವುದು; ನಮ್ಮ ತಲೆಯ ಮೇಲಾದರೋ ಬಿಸಿಲು. ಇಲ್ಲಿ ಹನಿಯೂ ಬೀಳದ ದಿನ ವೇದಾ, ಅವತಿ ಹೊಳೆಗಳು ಕೆನ್ನೀರು ಹೊತ್ತು ಅಯ್ಯನಕೆರೆಗೂ ಮದಗದ ಕೆರೆಗೂ ಇಳಿದು ಬರುವುದುಂಟು. ತನ್ನೂರಿನ ಆಕಾಶವನ್ನು ನೋಡಿ ನೆರೆಯನ್ನು ಊಹಿಸುವವನು ಈ ಸೀಮೆಯಲ್ಲಿ ಮೋಸಹೋಗುವನು. ಈ ಮಾತು ಬಂದಾಗ ನಮಗೆ ಸ್ಮರಣೆಗೆ ಬರುವವರು ಸರ್ ಎಂ. ವಿಶ್ವೇಶ್ವರಯ್ಯನವರು.

ಮುದ್ದೇನಹಳ್ಳಿಯಲ್ಲಿ ಜನಿಸಿ, ಬೆಂಗಳೂರು ಪುಣೆಗಳಲ್ಲಿ ವಿದ್ಯಾಭ್ಯಾಸ ಮುಗಿಸಿ, 1884ರಲ್ಲಿ ಅವರು ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. 1903ರಲ್ಲಿ ಖಡಕ್‌ವಾಸ್ಲಾ ಜಲಾಶಯದ ಕೋಡಿಗೆ ಅವರು ಜೋಡಿಸಿದ ಬಾಗಿಲುಗಳು ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ತಾವೇ ತೆರೆದುಕೊಂಡು, ನೆರೆ ಇಳಿದ ಮೇಲೆ ತಾವೇ ಮುಚ್ಚಿಕೊಳ್ಳುತ್ತಿದ್ದುವು. ಕಟ್ಟೆಯನ್ನು ಎತ್ತರಿಸದೆಯೇ 8 ಅಡಿ ನೀರು ಹೆಚ್ಚಾಗಿ ನಿಂತಿತು. ನಡುರಾತ್ರಿ ನೆರೆ ಬಂದಾಗ ಕಾವಲುಗಾರನ ನಿದ್ರೆಯನ್ನು ನಂಬಿ ಊರನ್ನು ಬಿಡಲಾಗದೆಂಬ ವಿವೇಕವು ಆ ಯಂತ್ರದಲ್ಲಿದ್ದಿತೆಂದು ನಾವು ಭಾವಿಸುತ್ತೇವೆ.

ಕೃಷ್ಣರಾಜಸಾಗರದ ಕಥೆಯನ್ನು ನಮ್ಮ ವಾಚಕರು ಬಲ್ಲರು. ಅದಕ್ಕಿಂತ ಹಿಂದಿನ ಹೈದರಾಬಾದಿನ ಕೆಲಸವು ಅಷ್ಟಾಗಿ ಪ್ರಚಾರದಲ್ಲಿಲ್ಲ. 1908ನೆಯ ಸೆಪ್ಟೆಂಬರು 28ರಂದು ಮೂಸೀ ನದಿಯು ಉಕ್ಕಿ ಆ ನಗರದ ಸಹಸ್ರಾರು ಜನರನ್ನು ಬಲಿತೆಗೆದುಕೊಂಡಿತು. ಮುಂಬಯಿಯ ಸೇವೆಯನ್ನು ಬಿಟ್ಟು ವಿದೇಶ ಸಂಚಾರದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ನಿಜಾಮ ಸರ್ಕಾರದ ಆಹ್ವಾನವು ಇಟಲಿಯಲ್ಲಿ ತಲಪಿತು. 1909ರಲ್ಲಿ ಅವರು ಬಂದು ಮೊದಲು ಕೈಗೆತ್ತಿಕೊಂಡುದು ಮಳೆಯ ಲೆಕ್ಕವನ್ನು. ಶಂಶಾಬಾದಿನಲ್ಲಿ 24 ಗಂಟೆಗಳೊಳಗೆ 12.8 ಅಂಗುಲ ಸುರಿದಿತ್ತು. ನದಿಯ ಜಲಾನಯನದಲ್ಲಿದ್ದ 788 ಕೆರೆಗಳ ಪೈಕಿ 221 ಒಡೆದಿದ್ದುವು. ಮೇಲಿನ ಕೆರೆ ಒಡೆದರೆ ಅದರ ನೀರೆಲ್ಲ ಕೆಳಗಿನ ಕೆರೆಯ ಏರಿಯ ಮೇಲೆರಗುವುದು. ಅದೂ ಒಡೆದರೆ ಅದರ ಕೆಳಗಿನದಕ್ಕೆ ಎರಡು ಕೆರೆಗಳ ಭಾರ. ಕೊನೆಯಲ್ಲಿ ನಗರಕ್ಕೆ ಬಂದುದು ಮಳೆಯ ನೀರು ಮಾತ್ರವಲ್ಲ, ವರ್ಷಗಳಿಂದ ಜನ ಕಟ್ಟಿ ನಿಲ್ಲಿಸಿದ್ದ ನೀರು. ನಗರದ ಮೇಲ್ಗಡೆ ನೆರೆಯನ್ನು ತಡೆದು ಹಿಡಿಯುವ ಎರಡು ಜಲಾಶಯಗಳನ್ನು ಅವರು ಸೂಚಿಸಿದರು. ಉಸ್ಮಾನ್ ಸಾಗರವು 1920ರಲ್ಲಿಯೂ ಹಿಮಾಯತ್ ಸಾಗರವು 1927ರಲ್ಲಿಯೂ ಮುಗಿದುವು.

ಕೆರೆಗಳ ಸರಪಣಿಯೇ ಆಗಿರುವ ಕಡೂರು, ತರೀಕೆರೆ, ಅಜ್ಜಂಪುರಗಳ ಅಧಿಕಾರಿಗಳು ಈ ಲೆಕ್ಕವನ್ನು ಮೇಜಿನ ಮೇಲಿಟ್ಟುಕೊಳ್ಳತಕ್ಕುದು. ಮೋಡದ ಪರಿಚಯವೂ ಬೇಕು. ಬೇಸಗೆಯ ಸಂಜೆ ಬೆಟ್ಟದಂತೆ ಬೆಳೆದು, ತಲೆ ಚಪ್ಪಟೆಯಾಗಿ ಹರಡಿ ಗುಡುಗುವ ಮೋಡವು ಅಲ್ಪ ಪ್ರದೇಶದಲ್ಲಿ ಗಂಟೆ ಹೊತ್ತು ಸುರಿದು ಹೋಗುವುದು. ಅದು ಹಳ್ಳಗಳಿಗೆ ಅಪಾಯ. ಅಂಚು ಕಾಣದಂತೆ ಆಕಾಶವನ್ನೆಲ್ಲ ಹೊದ್ದು ಹಗಲಿರುಳು ಸುರಿಯುವ ಪದರಮೋಡವು ಹೊಳೆಗಳನ್ನು ಏರಿಸುವುದು. ಹಿಂಜಿದ ಅರಳೆಯಂತೆ ಬಹು ಎತ್ತರದಲ್ಲಿರುವ ಬಿಳಿಯ ಎಳೆಗಳಿಂದ ಹನಿ ನೆಲಕ್ಕೆ ಬೀಳದು. ಆದರೆ ಗಿರಿಯ ಮೋಡದ ಸುದ್ದಿಯನ್ನು ಗಿರಿಯವರೇ ಹೇಳಬೇಕು.

ಮುಂದೆ 1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರಾಗಿದ್ದರು. ಅವರು ಪೋಷಿಸಿದ ಭದ್ರಾವತಿಯ ಕಾರ್ಖಾನೆಗೆ ಅದಿರು ಬಂದುದು ತರೀಕೆರೆ ಸೀಮೆಯ ಕೆಮ್ಮಣ್ಣುಗುಂಡಿಯಿಂದ. 1962ರ ಏಪ್ರಿಲಿನಲ್ಲಿ ಅವರು ದಿವಂಗತರಾಗುವ ವೇಳೆಗೆ ನದಿಯ ನೆರೆಯನ್ನು ಮುಂದಾಗಿ ತಿಳಿಸುವ ಕ್ರಮವು ದೆಹಲಿಯ ಯಮುನೆಯಲ್ಲಿ 1958ರಿಂದ ಆರಂಭವಾಗಿದ್ದಿತು.

ವೇದಾವತಿಯ ನೀರು ಸೇರುವ ಮಾರಿಕಣಿವೆಯು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ನಡುವಣ 89 ವರ್ಷಗಳಲ್ಲಿ ಹೊಳೆಯ ಪಾತ್ರದ ನೆನಪೇ ಜನರಿಗೆ ಮಾಸಿರುವುದು ಸಹಜ. ಈಗ ಅಜ್ಜಂಪುರದ ಸುರಂಗದ ಮೂಲಕ ಭದ್ರೆಯ ನೀರೂ ಆ ಕಡೆಗೆ ಹರಿಯುತ್ತಿದೆ. ಮೇಲಿನ ಕೆರೆಯ ನೀರುಗಂಟಿಯಿಂದ ಕೆಳಗಿನ ಊರಿಗೆ ಸುದ್ದಿ ಎಷ್ಟು ಹೊತ್ತಿನಲ್ಲಿ ತಲಪುವುದೆಂಬುದನ್ನು ಮುಂದಿನ ಮುಂಗಾರಿಗೆ ಮೊದಲು ಪರೀಕ್ಷಿಸಿ ನೋಡಬೇಕೆಂದು ಮೂರು ತಾಲೂಕುಗಳ ತಹಸೀಲ್ದಾರರನ್ನು ನಾವು ಕೇಳಿಕೊಳ್ಳುತ್ತೇವೆ.