ಸವಾಯಿ ಗಂಧರ್ವರು ಮತ್ತು ಕುಂದಗೋಳದ ರೈಲು ಮಾರ್ಗ

ಹಿಂದೂಸ್ತಾನಿ ಸಂಗೀತ ಕ್ಷೇತ್ರಕ್ಕೆ ಹುಬ್ಬಳ್ಳಿ-ಧಾರವಾಡ ಸೀಮೆಯು ಸಲ್ಲಿಸಿದ ಕೊಡುಗೆ ಅಪಾರವಾದುದು. ಕನ್ನಡ ನುಡಿಯ ಈ ನೆಲದಲ್ಲಿ ಉತ್ತರಾದಿ ಸಂಗೀತವು ಬೇರೂರಲು ಮೈಸೂರು ಅರಸರ ಆಶ್ರಯ, ಮರಾಠಿ ನಾಟಕ ಮಂಡಳಿಗಳ ಪ್ರಭಾವ ಹಾಗೂ ಊರೂರಿನ ರಸಿಕ ಮನೆತನಗಳ ಪ್ರೋತ್ಸಾಹ ಕಾರಣವಾದವು. ಇವುಗಳೊಂದಿಗೆ ಪುಣೆ-ಬೆಂಗಳೂರು ರೈಲು ಮಾರ್ಗವನ್ನೂ ಹೆಸರಿಸಬೇಕಾಗುತ್ತದೆ. ಈ ಮಾರ್ಗದ ಚಿಕ್ಕ ಊರಾದ ಕುಂದಗೋಳದಲ್ಲಿ ಹುಟ್ಟಿ, ಕಿರಾನಾ ಘರಾಣೆಯನ್ನು ಕನ್ನಡನಾಡಿನಲ್ಲಿ ನೆಲೆಗೊಳಿಸಿದವರು ಸವಾಯಿ ಗಂಧರ್ವರು.

ಜನನ ಮತ್ತು ಬಾಲ್ಯ

ಸವಾಯಿ ಗಂಧರ್ವರ ಮೂಲ ಹೆಸರು ರಾಮಚಂದ್ರ ಗಣೇಶ ಸೌಂಶಿ. ರಾಮಭಾವು ಕುಂದಗೋಳಕರ ಎಂಬುದು ಅವರ ರೂಢಿಯ ಹೆಸರು. ಇವರು 1886ರ ಜನವರಿ 19ರಂದು ಕುಂದಗೋಳದಲ್ಲಿ ಜನಿಸಿದರು. ಕುಂದಗೋಳವು ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ತಂದೆ ಗಣೇಶರಾಯರು ಅಲ್ಲಿನ ನಾಡಿಗೇರ ಮನೆತನದಲ್ಲಿ ಗುಮಾಸ್ತರಾಗಿದ್ದರು. ನಾಡಿಗೇರರು ಸಂಗೀತಪ್ರಿಯರಾಗಿದ್ದುದರಿಂದ ಅವರ ವಾಡೆಯಲ್ಲಿ ಕಲಾವಿದರಿಗೆ ಸದಾ ಆದರವಿತ್ತು.

1882ರಲ್ಲಿ ಸ್ಥಾಪನೆಗೊಂಡ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಈ ಭಾಗದಲ್ಲಿ ಮೀಟರ್ ಗೇಜ್ ಹಳಿಗಳನ್ನು ಹಾಸಿತು. 1890ರ ಹೊತ್ತಿಗೆ ಪುಣೆಯಿಂದ ಬೆಂಗಳೂರಿಗೆ ಹುಬ್ಬಳ್ಳಿಯ ಮೂಲಕ ರೈಲು ಸಂಪರ್ಕ ಏರ್ಪಟ್ಟಿತು. ಅದುವರೆಗೆ ಎತ್ತಿನ ಗಾಡಿಯಲ್ಲಿ ದಿನಗಟ್ಟಲೆ ಸಾಗಬೇಕಾಗಿದ್ದ ದಾರಿ ಗಂಟೆಗಳ ಪ್ರಯಾಣವಾಯಿತು. ಬಾಲಕ ರಾಮಭಾವು ಸಹ ಕುಂದಗೋಳದಿಂದ ಹುಬ್ಬಳ್ಳಿಯ ಶಾಲೆಗೆ ರೈಲಿನಲ್ಲಿಯೇ ಹೋಗಿ ಬರುತ್ತಿದ್ದರು. ಓದಿಗಿಂತ ಹಾಡಿನ ಕಡೆಗೇ ಅವರ ಒಲವು ಹೆಚ್ಚಾಗಿತ್ತು. ಬಲವಂತರಾವ್ ಕೊಲ್ಹಟಕರ ಅವರಲ್ಲಿ ಧ್ರುಪದ, ತರಾನಾ ಮೊದಲಾದ ಪ್ರಕಾರಗಳ ಆರಂಭಿಕ ಶಿಕ್ಷಣ ದೊರೆಯಿತು.

ಗುರುಸೇವೆ

ಕಿರಾನಾ ಘರಾಣೆಯ ಪ್ರಮುಖರಾದ ಉಸ್ತಾದ್ ಅಬ್ದುಲ್ ಕರೀಂ ಖಾನರು ಮೈಸೂರು ಆಸ್ಥಾನದಲ್ಲಿ ಹಾಡಲು ಹೋಗುತ್ತಿದ್ದರು. ಮಿರಜ, ಪುಣೆಗಳ ಕಡೆಯಿಂದ ಮೈಸೂರಿಗೆ ಹೊರಟ ಗಾಯಕರಿಗೆ ಧಾರವಾಡ, ಹುಬ್ಬಳ್ಳಿಗಳು ದಾರಿಯ ನಡುವಣ ತಂಗುದಾಣಗಳಾಗಿದ್ದವು. ಹೀಗೆ ತಂಗಿದ ಕಲಾವಿದರ ಗಾಯನವನ್ನು ಕೇಳಿಯೇ ಇಲ್ಲಿನ ಜನರ ಕಿವಿ ಹದಗೊಂಡಿತು. ಕುಂದಗೋಳದ ನಾಡಿಗೇರರಲ್ಲಿಗೂ ಖಾನ್ ಸಾಹೇಬರು ಬರುತ್ತಿದ್ದರು. ರಾಮಭಾವು ಅವರ ಹಾಡನ್ನು ಕೇಳಿದ ಅವರು, ಎಂಟು ವರ್ಷ ತಮ್ಮ ಬಳಿಯಲ್ಲಿಯೇ ಇದ್ದು ಕಲಿಯಬೇಕೆಂಬ ಕರಾರಿನ ಮೇಲೆ ಶಿಷ್ಯತ್ವವನ್ನು ದಯಪಾಲಿಸಿದರು. ಅನೇಕ ರಾಗಗಳ ಬದಲು ತೋಡಿ, ಪೂರಿಯಾ, ಮುಲ್ತಾನಿಯಂತಹ ಕೆಲವೇ ರಾಗಗಳ ಕಠಿಣ ಸಾಧನೆ ಈ ಶಿಕ್ಷಣದ ತಿರುಳಾಗಿತ್ತು.

ರಂಗಭೂಮಿ

ಶಿಕ್ಷಣದ ನಂತರ ರಾಮಭಾವು ಅವರು ಗುರುಗಳಿಗೆ ಮನಸ್ಸಿಲ್ಲದಿದ್ದರೂ ಮರಾಠಿ ನಾಟಕ ರಂಗವನ್ನು ಪ್ರವೇಶಿಸಿದರು. ಸ್ತ್ರೀ ಪಾತ್ರಗಳಲ್ಲಿ ಅವರು ಹಾಡಿದ ರಂಗಗೀತೆಗಳು ಜನಮನ ಸೂರೆಗೊಂಡವು. ಬಾಲಗಂಧರ್ವರ ಕೀರ್ತಿ ಉತ್ತುಂಗದಲ್ಲಿದ್ದ ಆ ಕಾಲದಲ್ಲಿ ರಸಿಕರು ಇವರನ್ನು ಸವಾಯಿ ಗಂಧರ್ವರೆಂದು ಕರೆದರು. ಸವಾಯಿ ಎಂದರೆ ಒಂದೂಕಾಲು, ಅಂದರೆ ಮಿಗಿಲಾದವರು ಎಂದರ್ಥ. ನಾಟಕದ ವೈಭವ ಇಳಿಮುಖವಾದ ಮೇಲೆ ಅವರು ಸಂಗೀತ ಕಚೇರಿ ಹಾಗೂ ಬೋಧನೆಗೆ ತಮ್ಮನ್ನು ಅರ್ಪಿಸಿಕೊಂಡರು.

1937ರ ಅಕ್ಟೋಬರ್ 27ರಂದು ಅಬ್ದುಲ್ ಕರೀಂ ಖಾನರು ಮದ್ರಾಸಿನಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದಾಗ ಎದೆನೋವಿನಿಂದ ಬಳಲಿ ಸಿಂಗಪೆರುಮಾಳ್ ಕೋಯಿಲ್ ನಿಲ್ದಾಣದಲ್ಲಿ ಇಳಿದರು. ಆ ನಿಲ್ದಾಣದಲ್ಲಿಯೇ ಅವರು ಕೊನೆಯುಸಿರೆಳೆದರು. ಬದುಕಿನ ಬಹುಭಾಗವನ್ನು ಪ್ರಯಾಣದಲ್ಲಿ ಕಳೆದ ಗುರುವಿನ ವಿದ್ಯೆಯನ್ನು ಕಾಪಾಡುವ ಹೊಣೆ ಶಿಷ್ಯರ ಮೇಲೆ ಬಿತ್ತು.

ಶಿಷ್ಯ ಪರಂಪರೆ

ಸವಾಯಿ ಗಂಧರ್ವರ ಮನೆಗೆ ಶಿಷ್ಯರು ದೂರದ ಊರುಗಳಿಂದ ಬಂದರು. ಗದಗಿನ ಬಾಲಕ ಭೀಮಸೇನ ಜೋಶಿಯವರು 1933ರಲ್ಲಿ ಹನ್ನೊಂದನೆಯ ವಯಸ್ಸಿಗೆ ಗುರುವನ್ನು ಅರಸುತ್ತ ಮನೆ ಬಿಟ್ಟು ರೈಲು ಹತ್ತಿದ್ದರು. ಗ್ವಾಲಿಯರ್, ಜಾಲಂಧರ ಮೊದಲಾದೆಡೆ ಅಲೆದ ಅವರಿಗೆ ಗುರು ದೊರೆತದ್ದು ಹುಟ್ಟಿದ ಸೀಮೆಯಲ್ಲಿಯೇ. 1936ರಲ್ಲಿ ಅವರು ಕುಂದಗೋಳಕ್ಕೆ ಬಂದು ಗುರುಗೃಹದಲ್ಲಿ ನೆಲೆಸಿದರು.

ಹುಬ್ಬಳ್ಳಿಯಲ್ಲಿದ್ದ ಗಂಗೂಬಾಯಿ ಹಾನಗಲ್ ಅವರ ಪರಿಸ್ಥಿತಿ ಬೇರೆಯಾಗಿತ್ತು. ಸಂಸಾರವಂದಿಗಳಾಗಿದ್ದ ಅವರು ಗುರುಗೃಹದಲ್ಲಿ ಉಳಿಯುವಂತಿರಲಿಲ್ಲ. ಹಾಡುವ ಹೆಣ್ಣುಮಗಳೆಂಬ ಕಾರಣಕ್ಕೆ ಸಮಾಜದ ಮೂದಲಿಕೆಯನ್ನೂ ಎದುರಿಸಬೇಕಾಗಿತ್ತು. ಈ ಅಡಚಣೆಗೆ ಅವರು ಕಂಡುಕೊಂಡ ಪರಿಹಾರ ರೈಲು. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ, ಪಾಠ ಮುಗಿಸಿ, ರಾತ್ರಿ ಮನೆಗೆ ಮರಳುತ್ತಿದ್ದರು. ಪಾಠವಾದ ಮೇಲೆ ಕಿರಿಯ ಗುರುಬಂಧು ಭೀಮಸೇನರು ನಿಲ್ದಾಣದವರೆಗೆ ಜೊತೆಗೆ ಬರುತ್ತಿದ್ದರು. ಸುಮಾರು ಮೂರು ವರ್ಷ ಈ ಕ್ರಮ ನಡೆಯಿತು. ಸ್ವಂತ ವಾಹನದ ಕಲ್ಪನೆಯೂ ಇಲ್ಲದ ಕುಟುಂಬದ ಮಹಿಳೆಗೆ ಸಾರ್ವಜನಿಕ ಸಾರಿಗೆಯು ವಿದ್ಯೆಯ ಬಾಗಿಲನ್ನು ತೆರೆದ ನಿದರ್ಶನವಿದು. ಅಂದು ಆ ರೈಲು ಇಲ್ಲದಿದ್ದರೆ ಮನೆ ಹಾಗೂ ಗುರು ಇವೆರಡರಲ್ಲಿ ಒಂದನ್ನು ಅವರು ತೊರೆಯಬೇಕಾಗುತ್ತಿತ್ತು. ಮುಂದೆ ಗಂಗೂಬಾಯಿಯವರಿಗೆ 2002ರಲ್ಲಿ ಪದ್ಮವಿಭೂಷಣವೂ, ಭೀಮಸೇನರಿಗೆ 2008ರಲ್ಲಿ ಭಾರತರತ್ನವೂ ಸಂದವು.

ಫಿರೋಜ್ ದಸ್ತೂರ್, ಬಸವರಾಜ ರಾಜಗುರು ಮೊದಲಾದವರೂ ಸವಾಯಿ ಗಂಧರ್ವರಲ್ಲಿ ಕಲಿತರು.

ಕೊನೆಯ ದಿನಗಳು ಮತ್ತು ಸ್ಮರಣೆ

1940ರ ದಶಕದ ಆರಂಭದಲ್ಲಿ ಸವಾಯಿ ಗಂಧರ್ವರು ಪಾರ್ಶ್ವವಾಯುವಿಗೆ ತುತ್ತಾದರು. ಕಚೇರಿಯಲ್ಲಿ ಹಾಡುವುದು ನಿಂತುಹೋಯಿತು. 1952ರ ಸೆಪ್ಟೆಂಬರ್ 12ರಂದು ಅವರು ಪುಣೆಯಲ್ಲಿ ನಿಧನರಾದರು. ಮರುವರ್ಷ, 1953ರಲ್ಲಿ, ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವ ಆರಂಭಗೊಂಡಿತು. ಅದರ ಬೆಳವಣಿಗೆಗೆ ಭೀಮಸೇನ ಜೋಶಿಯವರು ಶ್ರಮಿಸಿದರು. ಕುಂದಗೋಳದ ನಾಡಿಗೇರ ವಾಡೆಯಲ್ಲಿಯೂ ಗುರುಗಳ ಪುಣ್ಯತಿಥಿಯ ಅಂಗವಾಗಿ ಅಹೋರಾತ್ರಿ ಸಂಗೀತೋತ್ಸವ ನಡೆಯುತ್ತ ಬಂದಿದ್ದು, ಗಂಗೂಬಾಯಿಯವರು ಅದರಲ್ಲಿ ಶ್ರದ್ಧೆಯಿಂದ ಪಾಲ್ಗೊಳ್ಳುತ್ತಿದ್ದರು.

ಹುಬ್ಬಳ್ಳಿಯು 2003ರಿಂದ ನೈಋತ್ಯ ರೈಲ್ವೆ ವಲಯದ ಕೇಂದ್ರಸ್ಥಾನವಾಗಿದೆ. ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರನ್ನು ಹೊತ್ತ ಇಲ್ಲಿನ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರಲ್ಲಿ ಲೋಕಾರ್ಪಣೆಗೊಂಡಿತು. ಮೀಟರ್ ಗೇಜ್ ಹಳಿಗಳು ಬ್ರಾಡ್‌ಗೇಜ್ ಆಗಿ ಪರಿವರ್ತನೆಗೊಂಡಿವೆ. ಹುಬ್ಬಳ್ಳಿಯಿಂದ ದಾವಣಗೆರೆಯತ್ತ ಸಾಗುವ ಮಾರ್ಗದಲ್ಲಿ ಕುಂದಗೋಳ ನಿಲ್ದಾಣ ಇಂದಿಗೂ ಇದೆ. ನಾಡಿನ ಸಂಗೀತ ಪರಂಪರೆಯನ್ನು ಅರಿಯಬಯಸುವವರು ಈ ಊರನ್ನು ಅವಶ್ಯವಾಗಿ ಸಂದರ್ಶಿಸಬೇಕು.