ಜನರಲ್ ಆಲಿವರ್ ಪಿ. ಸ್ಮಿತ್ (1893–1977)

ಕೊರಿಯಾ ಯುದ್ಧವೆಂದೊಡನೆ ಕನ್ನಡಿಗರಿಗೆ ನೆನಪಾಗುವವರು ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರು. 1953ರ ಕದನ ವಿರಾಮದ ನಂತರ ಯುದ್ಧಕೈದಿಗಳ ಹಸ್ತಾಂತರಕ್ಕೆ ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರು ಅಧ್ಯಕ್ಷರಾಗಿದ್ದರು. ಅದೇ ಯುದ್ಧದ ಮೊದಲ ಚಳಿಗಾಲದಲ್ಲಿ ಅಮೆರಿಕದ 1ನೇ ಮರೀನ್ ಡಿವಿಷನ್ನನ್ನು ಮುನ್ನಡೆಸಿದವರು ಮೇಜರ್ ಜನರಲ್ ಆಲಿವರ್ ಪಿ. ಸ್ಮಿತ್. ಹಡಗುಗಳಿಂದ ದಡಕ್ಕಿಳಿದು ನೆಲದ ಮೇಲೆ ಹೋರಾಡುವ ಪಡೆಗೆ ಮರೀನ್ ದಳವೆಂದು ಹೆಸರು.

ಶ್ರೀ ಸ್ಮಿತ್ ಅವರು 26-10-1893ರಂದು ಟೆಕ್ಸಾಸ್‌ನ ಮೆನಾರ್ಡ್‌ನಲ್ಲಿ ಜನಿಸಿದರು. ದುಡಿಯುತ್ತಲೇ ಓದಿ 1916ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪದವಿ ಪಡೆದು, 1917ರಲ್ಲಿ ಮರೀನ್ ದಳ ಸೇರಿದರು. ಪ್ಯಾರಿಸ್ಸಿನ ಯುದ್ಧ ಮಹಾವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದರು. 1944ರಲ್ಲಿ ಪೆಲೆಲಿಯು ದ್ವೀಪದ ಕದನದಲ್ಲಿ ಪಾಲ್ಗೊಂಡರು. ಮಿತಭಾಷಿಯೂ ಅಧ್ಯಯನಶೀಲರೂ ಆಗಿದ್ದ ಅವರನ್ನು ಸಹೋದ್ಯೋಗಿಗಳು ಪ್ರೊಫೆಸರ್ ಎಂದೇ ಕರೆಯುತ್ತಿದ್ದರು.

1950ರ ಸೆಪ್ಟೆಂಬರ್ 15ರಂದು ಇಂಚೋನ್ ದಡಕ್ಕಿಳಿದ ಅವರ ಡಿವಿಷನ್ ಸೋಲ್ ನಗರದ ವಿಮೋಚನೆಯಲ್ಲಿ ಪ್ರಮುಖ ಪಾತ್ರ ವಹಿಸಿತು. ತರುವಾಯ ಅದನ್ನು ಈಶಾನ್ಯದ ಬೆಟ್ಟಸೀಮೆಗೆ ಕಳುಹಿಸಲಾಯಿತು. ಚೀನಾದ ಗಡಿಯವರೆಗೆ ವೇಗವಾಗಿ ಮುನ್ನುಗ್ಗಬೇಕೆಂಬುದು ಮೇಲಧಿಕಾರಿ ಜನರಲ್ ಆಲ್ಮಂಡ್ ಅವರ ಆದೇಶ. ಹಂಗ್ನಾಮ್ ಬಂದರಿನಿಂದ ಚೋಸಿನ್ ಜಲಾಶಯದವರೆಗೆ ಇದ್ದುದು ಒಂದೇ ಕಿರಿದಾದ ಬೆಟ್ಟದ ರಸ್ತೆ. (ಚೋಸಿನ್ ಎಂಬುದು ಜಪಾನಿ ನಕಾಶೆಗಳಿಂದ ಬಂದ ಹೆಸರು, ಕೊರಿಯನ್ನರಿಗೆ ಅದು ಚಾಂಗ್ಜಿನ್.) ಸ್ಮಿತ್ ಅವರು ಆದೇಶವನ್ನು ಮೀರಲಿಲ್ಲ, ಆದರೆ ಅವಸರಿಸಲೂ ಇಲ್ಲ. ರಸ್ತೆಯುದ್ದಕ್ಕೂ ಮದ್ದುಗುಂಡು, ಇಂಧನ, ಆಹಾರದ ದಾಸ್ತಾನು ಮಾಡಿಸಿ, ಮುಖ್ಯ ನೆಲೆಗಳಲ್ಲಿ ಕಾವಲು ಪಡೆ ನಿಲ್ಲಿಸಿದರು. ಹಗಾರು-ರಿಯಲ್ಲಿ ಹೆಪ್ಪುಗಟ್ಟಿದ ನೆಲವನ್ನು ಅಗೆಸಿ ವಿಮಾನ ಇಳಿದಾಣದ ಕಾಮಗಾರಿ ಆರಂಭಿಸಿದರು. ಅಂದು ಈ ನಿಧಾನ ಆಕ್ಷೇಪಣೆಗೆ ಗುರಿಯಾಗಿತ್ತು.

ನವೆಂಬರ್ 27ರ ರಾತ್ರಿ ಚೀನೀ ಸೇನೆ ಸುತ್ತಲಿನ ಬೆಟ್ಟಗಳಿಂದ ಎರಗಿ ರಸ್ತೆಯನ್ನು ಹಲವೆಡೆ ಕಡಿದುಹಾಕಿತು. ಶತ್ರು ಸಂಖ್ಯೆ ಹಲವು ಪಟ್ಟು ಅಧಿಕ. ಚಳಿ ಶೂನ್ಯಕ್ಕಿಂತ ಸುಮಾರು 30 ಡಿಗ್ರಿ ಸೆಲ್ಸಿಯಸ್ ಕೆಳಗೆ. ಜಲಾಶಯದ ಪೂರ್ವ ದಡದಲ್ಲಿದ್ದ ಅಮೆರಿಕನ್ ಭೂಸೇನಾ ತುಕಡಿ ಬಹುತೇಕ ನಾಶವಾಯಿತು. ಉಳಿದವರು ಹಿಮಗಡ್ಡೆಯ ಮೇಲೆ ನಡೆದು ಮರೀನರ ನೆಲೆ ತಲುಪಿದರು. ಹಗಾರು-ರಿಯಲ್ಲಿ ಇಂಜಿನಿಯರುಗಳು ಕೆಲಸ ಬಿಟ್ಟು ಬಂದೂಕು ಹಿಡಿದು ದಾಳಿಯನ್ನು ಹಿಮ್ಮೆಟ್ಟಿಸಿ, ಮತ್ತೆ ಯಂತ್ರಗಳತ್ತ ಮರಳಬೇಕಾಯಿತು. ಡಿಸೆಂಬರ್ 1ರಂದು, ಇನ್ನೂ ಅಪೂರ್ಣವಾಗಿದ್ದ ಆ ಇಳಿದಾಣದಲ್ಲಿ ಮೊದಲ ಸಾರಿಗೆ ವಿಮಾನ ಇಳಿಯಿತು. ಮುಂದಿನ ಕೆಲವೇ ದಿನಗಳಲ್ಲಿ 4,000ಕ್ಕೂ ಹೆಚ್ಚು ಗಾಯಾಳುಗಳು ಹಾಗೂ ಹಿಮಗಾಯದಿಂದ ನರಳುತ್ತಿದ್ದವರು ಅಲ್ಲಿಂದ ಆಸ್ಪತ್ರೆ ಸೇರಿದರು.

ದೇಹದಾರ್ಢ್ಯವಿರುವ ಸೈನಿಕರನ್ನೂ ವಿಮಾನದಲ್ಲಿ ಸಾಗಿಸಬಹುದೆಂಬ ಸಲಹೆ ವಾಯುಪಡೆಯಿಂದ ಬಂದಿತು. ಸ್ಮಿತ್ ಅವರು ಅದನ್ನು ಒಪ್ಪಲಿಲ್ಲ. ಹಾಗೆ ಮಾಡಿದ್ದಲ್ಲಿ ಇಳಿದಾಣವನ್ನು ಕಾಯುತ್ತ ಕೊನೆಗೆ ಉಳಿಯುವವರ ಗತಿಯೇನೆಂಬ ಪ್ರಶ್ನೆ ಏಳುತ್ತಿತ್ತು. ಬದಲಾಗಿ, ಬರುವ ವಿಮಾನಗಳಲ್ಲಿ 500ಕ್ಕೂ ಹೆಚ್ಚು ಹೊಸ ಸೈನಿಕರನ್ನು ಕರೆಸಿಕೊಂಡರು. ನಡೆಯಬಲ್ಲವರೆಲ್ಲರೂ ವಾಹನ ಮತ್ತು ಫಿರಂಗಿಗಳೊಂದಿಗೆ ಹೋರಾಡುತ್ತಲೇ ಸಮುದ್ರ ತಲುಪಬೇಕೆಂದು ನಿರ್ಧರಿಸಿದರು. ಫುಂಚಿಲಿನ್ ಕಣಿವೆದಾರಿಯಲ್ಲಿ ಶತ್ರುಗಳು ಸೇತುವೆಯನ್ನು ಸ್ಫೋಟಿಸಿದ್ದರಿಂದ, ಉಕ್ಕಿನ ಸೇತುವೆಯ ಭಾಗಗಳನ್ನು ಪ್ಯಾರಾಚೂಟ್ ಮೂಲಕ ಇಳಿಸಿ ಜೋಡಿಸಲಾಯಿತು. ಡಿಸೆಂಬರ್ 11ರಂದು ಕೊನೆಯ ತುಕಡಿಗಳು ಹಂಗ್ನಾಮ್ ವಲಯವನ್ನು ಸೇರಿದವು.

ಈ ಸೇವೆಗಾಗಿ ಅವರಿಗೆ ಡಿಸ್ಟಿಂಗ್ವಿಶ್ಡ್ ಸರ್ವೀಸ್ ಕ್ರಾಸ್ ಪದಕ ಲಭಿಸಿತು. 1955ರಲ್ಲಿ ಜನರಲ್ ಪದವಿಯೊಂದಿಗೆ ನಿವೃತ್ತರಾದ ಅವರು 1977ರ ಡಿಸೆಂಬರ್ 25ರಂದು ಕ್ಯಾಲಿಫೋರ್ನಿಯಾದಲ್ಲಿ ನಿಧನರಾದರು.