ನಿಮ್ಮ ಅಕ್ವೇರಿಯಂನ ಜೀಬ್ರಾ ಮೀನಿಗೆ ಹೆಸರಿಟ್ಟ ಡಾಕ್ಟರ್: ಯಾರು ಈ ಬುಕಾನನ್?

ಅಕ್ವೇರಿಯಂ ಇಡುವ ಹಲವರಲ್ಲಿ ಒಂದು ನಂಬಿಕೆ ಇದೆ: ಚಿಕ್ಕ ಮೀನುಗಳಾದರೆ ಯಾವುದನ್ನು ಬೇಕಾದರೂ ಒಟ್ಟಿಗೆ ಬಿಡಬಹುದು, ಅದರಲ್ಲೂ ಒಂದೇ ನದಿಯ ಮೀನುಗಳಾದರೆ ಹೊಂದಿಕೊಂಡು ಹೋಗುತ್ತವೆ. ಇದು ನಿಜವೇ? ಅಲ್ಲ. ಏಕೆ ಅಲ್ಲ ಎಂಬುದನ್ನು 200 ವರ್ಷಗಳ ಹಿಂದೆ ಗಂಗಾ ಬಯಲಿನಲ್ಲಿ ಮೀನು ಹುಡುಕಿದ ಒಬ್ಬ ವೈದ್ಯರ ಕಥೆಯಿಂದಲೇ ತಿಳಿಯಬಹುದು. ಅವರು ನಮ್ಮ ಬೆಂಗಳೂರು, ಶ್ರೀರಂಗಪಟ್ಟಣಗಳನ್ನೂ ನೋಡಿ ಬರೆದವರು.

ಹಡಗಿನ ವೈದ್ಯ

ಫ್ರಾನ್ಸಿಸ್ ಬುಕಾನನ್ ಹುಟ್ಟಿದ್ದು 1762ರಲ್ಲಿ, ಸ್ಕಾಟ್ಲೆಂಡಿನ ಕ್ಯಾಲೆಂಡರ್ ಎಂಬ ಊರಿನ ಬಳಿ. ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ 1783ರಲ್ಲಿ ಡಾಕ್ಟರ್ ಆದರು. ಅಲ್ಲಿ ಔಷಧಕ್ಕಾಗಿ ಸಸ್ಯಶಾಸ್ತ್ರವನ್ನೂ ಕಲಿಯಬೇಕಿತ್ತು. ಅವರಿಗೆ ಅದೇ ಹೆಚ್ಚು ಇಷ್ಟವಾಯಿತು. ಕೆಲವು ವರ್ಷ ವ್ಯಾಪಾರಿ ಹಡಗುಗಳಲ್ಲಿ ವೈದ್ಯರಾಗಿದ್ದು, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯ ಸೇವೆಗೆ ಸೇರಿದರು. ಮರುವರ್ಷವೇ ಬರ್ಮಾಕ್ಕೆ ಹೋದ ನಿಯೋಗದ ಜೊತೆ ಪ್ರಯಾಣ. ನಂತರ ಬಂಗಾಳದ ಲಕ್ಷ್ಮೀಪುರದಲ್ಲಿ ಕೆಲಸ. ಸುತ್ತಲೂ ನೀರೇ ಇರುವ ಆ ಜಾಗದಲ್ಲಿ ಅವರಿಗೆ ಮೀನಿನ ಹುಚ್ಚು ಹತ್ತಿತು.

ಕರ್ನಾಟಕಕ್ಕೆ ಬಂದರು

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ, ಕೈಗೆ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಯಾರು ಏನು ದುಡಿಯುತ್ತಾರೆ ಎಂಬುದನ್ನು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಬುಕಾನನ್‌ರನ್ನು ಕಳುಹಿಸಿದರು. 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿದರು. ಹೈದರ್ ಮತ್ತು ಟಿಪ್ಪು ಬೆಳೆಸಿದ ಬೆಂಗಳೂರಿನ ತೋಟವನ್ನೂ ನೋಡಿದರು. ರಾಗಿ, ಅಡಿಕೆ, ಕೆರೆ ನೀರಾವರಿ, ನೇಕಾರಿಕೆ ಎಲ್ಲವನ್ನೂ ಬರೆದುಕೊಂಡರು. 1807ರಲ್ಲಿ ಅದು ಮೂರು ಸಂಪುಟಗಳಾಗಿ ಅಚ್ಚಾಯಿತು. ಇತಿಹಾಸಕಾರರು ಇಂದಿಗೂ ಅದನ್ನು ತೆರೆದು ನೋಡುತ್ತಾರೆ. ಆದರೆ ಅದು ಕಂಪನಿಯ ಲಾಭಕ್ಕಾಗಿ ನಡೆದ ಸಮೀಕ್ಷೆ ಎಂಬುದನ್ನು ಮರೆಯಬಾರದು.

ಗಂಗೆಯ ಮೀನುಗಳು

1807ರಿಂದ 1814ರವರೆಗೆ ಅವರು ದಿನಾಜ್‌ಪುರ, ರಂಗ್‌ಪುರ, ಪೂರ್ಣಿಯಾ, ಭಾಗಲ್‌ಪುರ, ಪಾಟ್ನಾ, ಗೋರಖ್‌ಪುರದ ಕಡೆ ಸಮೀಕ್ಷೆ ಮಾಡಿದರು. ಹೋದಲ್ಲೆಲ್ಲ ಮೀನು ತರಿಸಿ ನೋಡಿದರು. ಸ್ಥಳೀಯ ಕಲಾವಿದರು ಅವುಗಳ ಚಿತ್ರ ಬರೆದರು. ಬುಕಾನನ್ ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ, ಅನೇಕ ಮೀನುಗಳಿಗೆ ಅಲ್ಲಿನ ಜನ ಕರೆಯುತ್ತಿದ್ದ ಹೆಸರನ್ನೇ ವಿಜ್ಞಾನದ ಹೆಸರಾಗಿಸಿದ್ದು. ರೋಹು ಮೀನಿನ ರೋಹಿತ, ಕಾಟ್ಲಾ ಮೀನಿನ ಕಾಟ್ಲಾ ಹೀಗೆಯೇ ಬಂದವು. ಜೀಬ್ರಾ ಮೀನಿನ ಡ್ಯಾನಿಯೋ ಎಂಬುದಕ್ಕೂ ಬಂಗಾಳಿ ಮಾತೇ ಮೂಲ.

ಕಿತ್ತುಕೊಂಡ ಚಿತ್ರಗಳು

1814ರಲ್ಲಿ ಅವರು ಕಲ್ಕತ್ತಾ ಸಸ್ಯೋದ್ಯಾನದ ಮುಖ್ಯಸ್ಥರಾದರು. ಮರುವರ್ಷ ಊರಿಗೆ ಹೊರಟಾಗ ಸರ್ಕಾರ ಅವರ ಚಿತ್ರಗಳನ್ನು ಒಯ್ಯಲು ಬಿಡಲಿಲ್ಲ. ಕಂಪನಿಯ ಸಂಬಳದಲ್ಲಿ ಮಾಡಿದ್ದು ಕಂಪನಿಗೇ ಸೇರಬೇಕು ಎಂಬುದು ವಾದ. ಇಷ್ಟು ವರ್ಷ ದುಡಿದು ಕೂಡಿಸಿದ್ದನ್ನು ಬಿಟ್ಟು ಹಡಗು ಹತ್ತಬೇಕಾಯಿತು. ಅವರಿಗೆ ಇದು ದೊಡ್ಡ ಪೆಟ್ಟು. ಆದರೂ ಬಿಡದೆ, ಗಂಗೆ ಮತ್ತು ಅದರ ಉಪನದಿಗಳ ಮೀನುಗಳ ಬಗ್ಗೆ 1822ರಲ್ಲಿ 39 ಚಿತ್ರಫಲಕಗಳ ಪುಸ್ತಕ ತಂದರು. ನೂರಕ್ಕೂ ಹೆಚ್ಚು ಮೀನುಗಳು ಮೊದಲ ಬಾರಿಗೆ ವಿಜ್ಞಾನಕ್ಕೆ ಪರಿಚಯವಾದದ್ದು ಅದರಲ್ಲಿ. ಬಹುತೇಕ ಮೀನುಗಳ ಮೂಲ ಮಾದರಿಗಳು ಉಳಿದಿಲ್ಲ. ಆದ್ದರಿಂದ ಆ ಬರಹ ಮತ್ತು ಚಿತ್ರಗಳೇ ಇಂದಿಗೂ ಆಧಾರ.

ಅಷ್ಟರಲ್ಲಿ ತಾಯಿಯ ಕಡೆಯ ಆಸ್ತಿ ಬಂದು ಅವರ ಅಡ್ಡಹೆಸರು ಹ್ಯಾಮಿಲ್ಟನ್ ಎಂದಾಗಿತ್ತು. ಹೀಗಾಗಿ ಮೀನಿನ ಪುಸ್ತಕಗಳಲ್ಲಿ ಕಾಣುವ ಹ್ಯಾಮಿಲ್ಟನ್, ಮೈಸೂರಿನ ಚರಿತ್ರೆಯಲ್ಲಿ ಬರುವ ಬುಕಾನನ್ ಇಬ್ಬರೂ ಒಬ್ಬರೇ. 1829ರಲ್ಲಿ, 67ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಒಂದೇ ಪುಸ್ತಕ, ಬೇರೆ ಬೇರೆ ಸ್ವಭಾವ

ಈಗ ಅಂಗಡಿಗೆ ಬನ್ನಿ. ಜೀಬ್ರಾ ಡ್ಯಾನಿಯೋ, ರೋಸಿ ಬಾರ್ಬ್, ಡ್ವಾರ್ಫ್ ಗೌರಾಮಿ, ಗ್ಲಾಸ್ ಫಿಶ್: ನಾಲ್ಕೂ ಆ 1822ರ ಪುಸ್ತಕದವೇ, ಗಂಗೆಯ ಕಡೆಯವೇ. ಹಾಗಾದರೆ ಒಂದೇ ತೊಟ್ಟಿಯಲ್ಲಿ ಬಿಡಬಹುದೇ?

ನದಿ ಎಂದರೆ ಒಂದು ಮನೆಯಲ್ಲ, ಅದೊಂದು ಊರು. ಹರಿಯುವ ತೊರೆ, ನಿಂತ ಹೊಂಡ, ಗದ್ದೆ, ಜೊಂಡು ಬೆಳೆದ ಕೊಳ ಎಲ್ಲವೂ ಅದರೊಳಗೆ ಸೇರಿದೆ. ಅಲ್ಲಿ ಜಗಳವಾದರೆ ಮೀನು ಓಡಿಹೋಗುತ್ತದೆ. ಎರಡು ಅಡಿಯ ಗಾಜಿನ ತೊಟ್ಟಿಯಲ್ಲಿ ಓಡುವುದೆಲ್ಲಿಗೆ?

ಜೀಬ್ರಾ ಡ್ಯಾನಿಯೋ 4ರಿಂದ 5 ಸೆಂ.ಮೀ. ಮೀನು. ಸದಾ ಓಡಾಡುತ್ತದೆ, ತಂಪು ನೀರನ್ನೂ ತಡೆಯುತ್ತದೆ. ಒಂದೆರಡೇ ಇದ್ದರೆ ಬೇರೆಯವನ್ನು ಅಟ್ಟಿಸುತ್ತದೆ. ಕನಿಷ್ಠ ಆರು ಇದ್ದರೆ ತಮ್ಮಲ್ಲೇ ಆಡಿಕೊಂಡಿರುತ್ತವೆ.

ರೋಸಿ ಬಾರ್ಬ್ 10 ಸೆಂ.ಮೀ.ವರೆಗೂ ಬೆಳೆಯಬಲ್ಲದು. ಇದಕ್ಕೂ ಗುಂಪು ಬೇಕು. ಉದ್ದ ರೆಕ್ಕೆಯ ಮೀನು ಕಂಡರೆ ಕಚ್ಚುವ ಚಾಳಿಯೂ ಇದೆ.

ಡ್ವಾರ್ಫ್ ಗೌರಾಮಿ ನಿಧಾನಿ. ಹೊಟ್ಟೆಯ ಕೆಳಗೆ ದಾರದಂಥ ರೆಕ್ಕೆಗಳಿವೆ. ಬಾರ್ಬ್ ಮೊದಲು ಕಚ್ಚುವುದು ಅವನ್ನೇ. ನೀರಿನ ಮೇಲೆ ಬಂದು ಗಾಳಿ ಕುಡಿಯುವ ಈ ಮೀನಿಗೆ 24ರಿಂದ 28 ಡಿಗ್ರಿಯ ಬೆಚ್ಚಗಿನ ನೀರು ಬೇಕು. ಒಂದೇ ತೊಟ್ಟಿಯಲ್ಲಿ ಎರಡು ಗಂಡು ಬಿಟ್ಟರೆ ಕಾದಾಟ.

ಗ್ಲಾಸ್ ಫಿಶ್‌ನ ಮೈ ಪಾರದರ್ಶಕ. ಗುಲಾಬಿ, ಹಸಿರು ಬಣ್ಣದ್ದು ಕಂಡರೆ ಕೊಳ್ಳಬೇಡಿ. ಅದು ಸೂಜಿಯಿಂದ ಚುಚ್ಚಿ ಹಾಕಿದ ಬಣ್ಣ.

ಕೊಳ್ಳುವ ಮೊದಲು ಇಷ್ಟು ನೋಡಿ:

1. ಮರಿಯ ಗಾತ್ರವಲ್ಲ, ಬೆಳೆದ ಮೇಲಿನ ಗಾತ್ರ ಕೇಳಿ. ರೋಹು, ಕಾಟ್ಲಾ ಮರಿಗಳೂ ಚಿಕ್ಕವೇ, ಆದರೆ ಅವು ಒಂದು ಮೀಟರ್‌ವರೆಗೂ ಬೆಳೆಯುತ್ತವೆ.
2. ಒಂದಕ್ಕೆ ಬೇಕಾದ ನೀರಿನ ಬಿಸಿ ಇನ್ನೊಂದಕ್ಕೂ ಒಗ್ಗುತ್ತದೆಯೇ?
3. ಗುಂಪಿನ ಮೀನಾದರೆ ಆರಕ್ಕಿಂತ ಕಡಿಮೆ ಬೇಡ.
4. ಕಚ್ಚುವ ಮೀನು, ಉದ್ದ ರೆಕ್ಕೆಯ ಮೀನು ಒಟ್ಟಿಗೆ ಬೇಡ.
5. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ತುಂಬಿದರೆ ಸುಮಾರು 55 ಲೀಟರ್. ಅದಕ್ಕೆ ಆರೆಂಟು ಜೀಬ್ರಾ ಮೀನು ಸಾಕು.

ಬುಕಾನನ್ ನೋಡಿ ಹೆಸರಿಟ್ಟ ಆ ಪುಟ್ಟ ಜೀಬ್ರಾ ಮೀನು ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿದೆ. ಹೃದಯ ಹೇಗೆ ರೂಪುಗೊಳ್ಳುತ್ತದೆ, ಕಾಯಿಲೆ ಹೇಗೆ ಬರುತ್ತದೆ ಎಂಬುದನ್ನು ಅದರ ಪಾರದರ್ಶಕ ಭ್ರೂಣದಲ್ಲಿ ನೋಡುತ್ತಾರೆ. ಬುಕಾನನ್ ಒಂದೊಂದು ಮೀನನ್ನೂ ಬೇರೆಯಾಗಿ ನೋಡಿ ಬರೆದುಕೊಂಡರು. ಮನೆಗೆ ಮೀನು ತರುವ ನಾವೂ ಹಾಗೆಯೇ ನೋಡಿದರೆ, ಮರುದಿನ ಬೆಳಿಗ್ಗೆ ನೀರಿನ ಮೇಲೆ ತೇಲುವ ಮೀನನ್ನು ಮಕ್ಕಳು ನೋಡಬೇಕಾಗುವುದಿಲ್ಲ.